ವಿದೇಶ ವ್ಯಾಸಂಗದ ವೆಚ್ಚ: ಒಂದು ವಿವೇಚನೆ

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಹಿಂದೆ ಕೋಡಿಯಮಠವೆಂಬ ಪ್ರಖ್ಯಾತ ವಿದ್ಯಾಕೇಂದ್ರವಿತ್ತು. ಕ್ರಿ.ಶ. 1162ರ ಶಾಸನವೊಂದು ಆ ಮಠವನ್ನು ಬಣ್ಣಿಸುತ್ತ, ಅಲ್ಲಿ ವೇದ, ವ್ಯಾಕರಣ, ದರ್ಶನ, ಕಾವ್ಯಗಳ ಪಾಠಪ್ರವಚನ ನಡೆಯುತ್ತಿದ್ದುದನ್ನೂ, ದೀನರಿಗೂ ಅನಾಥರಿಗೂ ಅನ್ನ ದೊರೆಯುತ್ತಿದ್ದುದನ್ನೂ, ರೋಗಿಗಳಿಗೆ ಔಷಧೋಪಚಾರ ಸಲ್ಲುತ್ತಿದ್ದುದನ್ನೂ ತಿಳಿಸುತ್ತದೆ. ವಿದ್ಯೆ, ಅನ್ನ, ಔಷಧ ಈ ಮೂರೂ ಒಂದೇ ಸೂರಿನಡಿ ಕೂಡಿದ್ದುವು. ವಿದ್ಯಾರ್ಥಿಗೆ ಇವು ಮೂರೂ ಬೇಕು. ಒಂದು ತಪ್ಪಿದರೆ ಉಳಿದೆರಡು ನಿಲ್ಲಲಾರವು ಎಂಬುದನ್ನು ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು.

ಕನ್ನಡ ನಾಡಿನ ಮಠಗಳು ಈ ಪರಂಪರೆಯನ್ನು ಇಂದಿಗೂ ನಡೆಸಿಕೊಂಡು ಬಂದಿವೆ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾಮಠ, ಮೈಸೂರು ಸೀಮೆಯ ಸುತ್ತೂರುಮಠ ಮೊದಲಾದವುಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ಲಕ್ಷಾಂತರ ಮಂದಿ. ಆದರೆ ಹೀಗೆ ಬೆಳೆದ ವಿದ್ಯಾರ್ಥಿಗೆ ಒಂದು ಅರಿವು ಮಾತ್ರ ಸುಲಭವಾಗಿ ಬರುವುದಿಲ್ಲ. ಅನ್ನಕ್ಕೆಷ್ಟು, ಕೊಠಡಿಗೆಷ್ಟು, ಔಷಧಕ್ಕೆಷ್ಟು ಎಂದು ಬೇರೆಬೇರೆಯಾಗಿ ಬರೆದ ಚೀಟಿಯನ್ನು ಆತನು ಕಂಡೇ ಇರುವುದಿಲ್ಲ. ಇಂಥವನು ಉನ್ನತ ವ್ಯಾಸಂಗಕ್ಕೆಂದು ಪರದೇಶಕ್ಕೆ ಹೊರಟಾಗ ಒಂದೊಂದಕ್ಕೂ ಪ್ರತ್ಯೇಕ ಬೆಲೆ, ಅದೂ ಪರದೇಶದ ನಾಣ್ಯದಲ್ಲಿ, ಅದೂ ಮುಂಗಡವಾಗಿ ಕೊಡಬೇಕಾಗುತ್ತದೆ. ಬೋಧನಾ ಶುಲ್ಕವೊಂದನ್ನೇ ವೆಚ್ಚವೆಂದು ತಿಳಿದು ಹೊರಟವರು ನಡುದಾರಿಯಲ್ಲಿ ಕಂಗೆಡುವುದು ಇದರಿಂದಲೇ. ಆದುದರಿಂದ ಈ ವೆಚ್ಚದ ಅಂಗಾಂಗಗಳನ್ನು ಬಿಡಿಸಿ ನೋಡುವುದು ಅವಶ್ಯ.

ಮೊದಲನೆಯದು ಹೊರಡುವ ಮುನ್ನಿನ ವೆಚ್ಚ. ಪ್ರವೇಶ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ, ಪ್ರತಿಯೊಂದು ವಿಶ್ವವಿದ್ಯಾಲಯದ ಅರ್ಜಿ, ಅಂಕಪಟ್ಟಿಗಳ ದೃಢೀಕರಣ ಇವೆಲ್ಲಕ್ಕೂ ಹಣ ಬೇಕು. ಅಮೆರಿಕಕ್ಕೆ ಹೋಗುವ ವಿದ್ಯಾರ್ಥಿ ಸೇವಿಸ್ ಎಂಬ ನೋಂದಣಿಗಾಗಿ 350 ಡಾಲರನ್ನೂ, ವೀಸಾ ಅರ್ಜಿಗೆ 2023ರಲ್ಲಿ ನಿಗದಿಯಾದ 185 ಡಾಲರನ್ನೂ ತೆರಬೇಕು. ವೀಸಾ ದೊರೆಯದೆ ಹೋದರೂ ಈ ಹಣ ಮರಳಿ ಕೈಸೇರದು. ಆಸ್ಟ್ರೇಲಿಯವು 710 ಡಾಲರಿದ್ದ ತನ್ನ ವಿದ್ಯಾರ್ಥಿ ವೀಸಾ ಶುಲ್ಕವನ್ನು 2024ರ ಜುಲೈಯಲ್ಲಿ 1,600ಕ್ಕೂ, 2025ರ ಜುಲೈಯಲ್ಲಿ 2,000ಕ್ಕೂ ಏರಿಸಿತು. ಹೋಗುವೆನೋ ಇಲ್ಲವೋ ಎಂದು ತಿಳಿಯುವ ಮೊದಲೇ ಬಡಕುಟುಂಬದ ಒಂದು ವರ್ಷದ ಉಳಿತಾಯ ಹೀಗೆ ಕರಗುವುದುಂಟು.

ಎರಡನೆಯದು ವಿದ್ಯೆಯ ಬೆಲೆ, ಎಂದರೆ ಬೋಧನಾ ಶುಲ್ಕ. ಇದು ದೇಶದಿಂದ ದೇಶಕ್ಕೆ ಬಹುವಾಗಿ ಭಿನ್ನವಾಗಿದೆ. ಬ್ರಿಟನ್ನಿನ ಸರ್ಕಾರವು 1980ರಿಂದ ಪರದೇಶದ ವಿದ್ಯಾರ್ಥಿಗಳು ತಮ್ಮ ಶಿಕ್ಷಣದ ಪೂರ್ಣ ವೆಚ್ಚವನ್ನು ತಾವೇ ಭರಿಸಬೇಕೆಂದು ಗೊತ್ತುಮಾಡಿತು. ಅಮೆರಿಕದ ಸರ್ಕಾರೀ ವಿಶ್ವವಿದ್ಯಾಲಯಗಳಲ್ಲಿ ಆಯಾ ರಾಜ್ಯದ ನಿವಾಸಿಗಳಿಗೆ ಒಂದು ದರ, ಹೊರಗಿನವರಿಗೆ ಅದಕ್ಕಿಂತ ಬಹಳ ಹೆಚ್ಚಿನ ದರ. ಪರದೇಶದವರು ಸಾಮಾನ್ಯವಾಗಿ ಹೊರಗಿನವರ ಸಾಲಿಗೇ ಸೇರುತ್ತಾರೆ. ಜರ್ಮನಿಯ ಸರ್ಕಾರೀ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲ. ಆದರೂ ಅಲ್ಲಿನ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಪ್ರತಿ ಅರ್ಧವರ್ಷಕ್ಕೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಅವಧಿಯಿಂದ ಹೊಸದಾಗಿ ಸೇರುವ ಇಂಥವರಿಗೆ ಶುಲ್ಕ ವಿಧಿಸಿದೆ. ಜರ್ಮನಿಯಲ್ಲಿ ಓದು ಉಚಿತವೆಂಬ ಸಾಮಾನ್ಯ ಮಾತನ್ನು ನಂಬದೆ, ಸೇರಲಿರುವ ಸಂಸ್ಥೆಯ ನಿಯಮವನ್ನೇ ಓದಿಕೊಳ್ಳುವುದು ಲೇಸು.

ಇಲ್ಲಿ ಬಹುಮುಖ್ಯವಾದ ಒಂದು ಭೇದವನ್ನು ಮನಗಾಣಬೇಕು. ಅಮೆರಿಕದಲ್ಲಿ ಎಂ.ಎಸ್. ಮೊದಲಾದ ಸ್ನಾತಕೋತ್ತರ ಪದವಿಗಳಿಗೆ ಬಹುಮಂದಿ ಕೈಯಿಂದಲೇ ಹಣ ತೆರುತ್ತಾರೆ. ಪಿಎಚ್.ಡಿ.ಯ ಸ್ಥಿತಿ ಬೇರೆ. ವಿಜ್ಞಾನ ಮತ್ತು ಇಂಜಿನಿಯರಿಂಗ್ ವಿಷಯಗಳಲ್ಲಿ ಒಳ್ಳೆಯ ವಿಶ್ವವಿದ್ಯಾಲಯಗಳು ಸಂಶೋಧನ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವನ್ನು ಮನ್ನಾ ಮಾಡಿ, ಬೋಧನೆಯಲ್ಲಾಗಲಿ ಸಂಶೋಧನೆಯಲ್ಲಾಗಲಿ ನೆರವಾಗುವುದಕ್ಕೆ ಪ್ರತಿಯಾಗಿ ತಿಂಗಳ ವೇತನ ಕೊಡುವುದು ವಾಡಿಕೆ. ನಾಲ್ಕು ವರ್ಷದ ಪದವಿ ಮುಗಿಸಿದವನು ಎಂ.ಎಸ್. ಇಲ್ಲದೆಯೇ ಪಿಎಚ್.ಡಿ.ಗೆ ನೇರವಾಗಿ ಅರ್ಜಿ ಹಾಕಲು ಅಲ್ಲಿ ಅವಕಾಶವುಂಟು. ಜರ್ಮನಿಯಲ್ಲಿಯೂ ಸಂಶೋಧನ ವಿದ್ಯಾರ್ಥಿಗಳಲ್ಲಿ ಅನೇಕರು ಸಂಬಳ ಪಡೆಯುವ ನೌಕರರೇ. ನಿಜವಾಗಿ ಸಂಶೋಧನೆಯಲ್ಲಿ ಆಸಕ್ತಿಯುಳ್ಳ ಬಡ ವಿದ್ಯಾರ್ಥಿ ಈ ಭೇದವನ್ನು ಅರಿಯದೆ ಸಾಲದ ದಾರಿ ಹಿಡಿಯುವುದು ಶೋಚನೀಯ.

ಮೂರನೆಯದು ಅನ್ನ ಮತ್ತು ವಸತಿ. ವಿದ್ಯಾರ್ಥಿಯ ಬಳಿ ಇದಕ್ಕೆ ಸಾಕಷ್ಟು ಹಣವಿದೆಯೆಂಬುದನ್ನು ವೀಸಾ ಕೊಡುವ ಮುನ್ನವೇ ಆಯಾ ಸರ್ಕಾರಗಳು ಪರೀಕ್ಷಿಸುತ್ತವೆ. ಜರ್ಮನಿಗೆ ಹೋಗುವವನು ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಒಂದು ವರ್ಷದ ಹಣವನ್ನು ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದಂತೆ ಅದು 11,904 ಯೂರೋ. ತಿಂಗಳಿಗೆ 992 ಯೂರೋ ಮಾತ್ರ ತೆಗೆಯಲು ಬರುತ್ತದೆ. ಬ್ರಿಟನ್ ಸರ್ಕಾರವು 2025ರ ನವೆಂಬರಿನಿಂದ ಲಂಡನ್ನಿನಲ್ಲಿ ಓದುವವರಿಗೆ ತಿಂಗಳಿಗೆ 1,529 ಪೌಂಡ್, ಬೇರೆಡೆ 1,171 ಪೌಂಡ್ ಎಂಬ ಲೆಕ್ಕದಲ್ಲಿ ಒಂಬತ್ತು ತಿಂಗಳವರೆಗಿನ ಹಣ ತೋರಿಸಬೇಕೆಂದು ಗೊತ್ತುಮಾಡಿದೆ. ಆ ಹಣವು ಸತತವಾಗಿ 28 ದಿನ ಖಾತೆಯಲ್ಲಿರಬೇಕು. ಕೆನಡವು 2025ರ ಸೆಪ್ಟೆಂಬರಿನಿಂದ, ಬೋಧನಾ ಶುಲ್ಕವಲ್ಲದೆ, 22,895 ಕೆನಡಿಯನ್ ಡಾಲರ್ ಕೇಳುತ್ತಿದೆ.

ಈ ಮೊತ್ತಗಳು ಕನಿಷ್ಠ ಪ್ರಮಾಣವೇ ಹೊರತು ನಿಜವಾದ ಖರ್ಚಲ್ಲ. ಮ್ಯೂನಿಕ್, ಲಂಡನ್, ನ್ಯೂಯಾರ್ಕ್‌ಗಳಂಥ ನಗರಗಳಲ್ಲಿ ಕೊಠಡಿಯ ಬಾಡಿಗೆಯೇ ಇದರ ಬಹುಭಾಗವನ್ನು ನುಂಗೀತು. ಮೇಲಾಗಿ ಮೊದಲ ತಿಂಗಳಲ್ಲಿಯೇ ಮನೆಯ ಮುಂಗಡ, ಹಾಸಿಗೆ, ಚಳಿಯ ಉಡುಪು ಎಲ್ಲವೂ ಒಟ್ಟಿಗೆ ಎರಗುತ್ತವೆ. ಕೆಲವರು ನೆಂಟರಿಷ್ಟರಿಂದ ಕೈಗಡ ತಂದು ಖಾತೆಯಲ್ಲಿಟ್ಟು, ವೀಸಾ ದೊರೆತೊಡನೆ ಹಿಂದಿರುಗಿಸುತ್ತಾರೆ. ತೋರಿಸಿದ ಹಣ ಉಣ್ಣುವ ಹಣವಲ್ಲ. ಹೀಗೆ ಹೋದವನ ವ್ಯಾಸಂಗ ಮೊದಲ ಚಳಿಗಾಲದಲ್ಲಿಯೇ ಸಂಕಟಕ್ಕೆ ಸಿಲುಕುವುದು.

ನಾಲ್ಕನೆಯದು ಔಷಧದ ಬೆಲೆ. ಬ್ರಿಟನ್ನಿಗೆ ಹೋಗುವ ವಿದ್ಯಾರ್ಥಿ 2024ರ ಫೆಬ್ರವರಿಯಿಂದ ವರ್ಷಕ್ಕೆ 776 ಪೌಂಡಿನಂತೆ ಆರೋಗ್ಯ ಶುಲ್ಕವನ್ನು ವೀಸಾ ಅರ್ಜಿಯೊಡನೆಯೇ ಕಟ್ಟಬೇಕು. ಜರ್ಮನಿಯಲ್ಲಿ ಆರೋಗ್ಯ ವಿಮೆಯಿಲ್ಲದವನಿಗೆ ವಿಶ್ವವಿದ್ಯಾಲಯದ ಪ್ರವೇಶವೇ ಇಲ್ಲ. ಅಮೆರಿಕದಲ್ಲಿ ವಿಮೆಯಿಲ್ಲದೆ ಒಂದು ದಿನ ಆಸ್ಪತ್ರೆ ಸೇರಿದರೂ ಆ ಋಣ ಬಹುಕಾಲ ಕಾಡೀತು. ಅಲ್ಲಿನ ವಿದ್ಯಾರ್ಥಿ ವಿಮೆಗಳಲ್ಲಿ ಹಲ್ಲು, ಕಣ್ಣುಗಳ ಚಿಕಿತ್ಸೆ ಅನೇಕ ವೇಳೆ ಸೇರಿರುವುದಿಲ್ಲ. ಹೊರಡುವ ಮುನ್ನ ಊರಿನಲ್ಲಿಯೇ ಹಲ್ಲು ಕಣ್ಣುಗಳನ್ನು ತೋರಿಸಿಕೊಂಡು ಹೋಗುವುದು ಜಾಣತನ.

ಇವೆಲ್ಲಕ್ಕೂ ಮೇಲೆ, ಯಾವ ಪಟ್ಟಿಯಲ್ಲಿಯೂ ಕಾಣದ ವೆಚ್ಚವೊಂದುಂಟು. ಅದು ರೂಪಾಯಿಯ ಇಳಿತ. 1966ರ ಜೂನ್ 6ರಂದು ಭಾರತ ಸರ್ಕಾರವು ರೂಪಾಯಿಯ ಬೆಲೆಯನ್ನು ಇಳಿಸಿದಾಗ, ಡಾಲರಿಗೆ 4 ರೂಪಾಯಿ 76 ಪೈಸೆಯಿದ್ದುದು ಒಮ್ಮೆಲೇ 7 ರೂಪಾಯಿ 50 ಪೈಸೆಯಾಯಿತು. ಇತ್ತೀಚಿನ ಇಳಿತ ನಿಧಾನವಾದರೂ ನಿರಂತರವಾದುದು. 2024ರ ಆದಿಯಲ್ಲಿ ಡಾಲರಿಗೆ ಸುಮಾರು 83 ರೂಪಾಯಿ. 2025ರ ಡಿಸೆಂಬರಿನಲ್ಲಿ ಅದು 90ನ್ನು ದಾಟಿತು. ವರ್ಷಕ್ಕೆ 20,000 ಡಾಲರ್ ಬೇಕಾದವನಿಗೆ ಈ ಅಂತರದಿಂದಲೇ 1 ಲಕ್ಷ 40 ಸಾವಿರ ರೂಪಾಯಿ ಹೆಚ್ಚಿತು. ಆತನ ಊಟವೂ ಪಾಠವೂ ಮೊದಲಿನಷ್ಟೇ ಇದ್ದುವು. ಊರಿನಲ್ಲಿದ್ದ ತಂದೆಯ ಹೊರೆ ಮಾತ್ರ ಬೆಳೆಯಿತು.

ಈ ಹೊರೆಯನ್ನು ಹೊರುವವರಾರು? ಸಾಮಾನ್ಯವಾಗಿ ಬ್ಯಾಂಕಿನ ಸಾಲ, ಅದರ ಹಿಂದೆ ಇಡೀ ಕುಟುಂಬ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ಏಳೂವರೆ ಲಕ್ಷ ರೂಪಾಯಿಗೆ ಮೇಲ್ಪಟ್ಟ ಸಾಲಕ್ಕೆ ಆಸ್ತಿಯ ಭದ್ರತೆ ಬೇಕು. ಕೆಲವು ಖ್ಯಾತ ವಿಶ್ವವಿದ್ಯಾಲಯಗಳಿಗೆ ಆಯ್ಕೆಯಾದವರಿಗೆ ಇದರಿಂದ ವಿನಾಯಿತಿ ದೊರೆಯುವುದೂ ಉಂಟು. ರೈತನ ಮನೆಯ ಕಷ್ಟ ಪ್ರಾರಂಭವಾಗುವುದು ಇಲ್ಲಿಯೇ. ಸಾಲ ವಸೂಲಿಗೆ ಸಂಬಂಧಿಸಿದ 2002ರ ಸರ್ಫೇಸಿ ಕಾಯಿದೆಯು ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ರೈತನ ಹೊಲ ಉಳಿಯಲೆಂದು ಇಟ್ಟ ಈ ರಕ್ಷಣೆಯೇ ಶಿಕ್ಷಣ ಸಾಲದ ವೇಳೆ ಬಾಗಿಲು ಮುಚ್ಚುತ್ತದೆ. ಹೊಲವನ್ನು ಭದ್ರತೆಯಾಗಿ ಸ್ವೀಕರಿಸಲು ಬ್ಯಾಂಕುಗಳು ಬಹುಮಟ್ಟಿಗೆ ಒಪ್ಪುವುದಿಲ್ಲ. ಪಟ್ಟಣದಲ್ಲಿ ಒಂದು ನಿವೇಶನವುಳ್ಳವನಿಗೆ ಸಾಲ ಸಿಗುತ್ತದೆ. ಹತ್ತು ಎಕರೆಯ ಪಹಣಿ ಹಿಡಿದು ಬಂದವನು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಆಗ ಉಳಿಯುವುವು ಎರಡೇ ದಾರಿ: ಹೆಚ್ಚು ಬಡ್ಡಿಯ ಖಾಸಗಿ ಸಾಲ, ಇಲ್ಲವೆ ಹೊಲದ ಮಾರಾಟ.

ಬಡ್ಡಿಯ ಬೆಳವಣಿಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಎರಡು ವರ್ಷದ ವ್ಯಾಸಂಗಕ್ಕಾಗಿ ನೂರಕ್ಕೆ ಹತ್ತರ ಬಡ್ಡಿಯಲ್ಲಿ 30 ಲಕ್ಷ ರೂಪಾಯಿ ಸಾಲ ಪಡೆದರೆನ್ನೋಣ. ಅರ್ಧ ಹಣ ಮೊದಲ ವರ್ಷಾರಂಭದಲ್ಲಿ, ಉಳಿದರ್ಧ ಎರಡನೆಯ ವರ್ಷಾರಂಭದಲ್ಲಿ. ವ್ಯಾಸಂಗದ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಸರಳ ಬಡ್ಡಿಯ ಲೆಕ್ಕದಲ್ಲಿಯೇ ಮೂರು ವರ್ಷ ಮುಗಿಯುವ ವೇಳೆಗೆ ಏಳೂವರೆ ಲಕ್ಷ ಕೂಡಿ ಸಾಲವು ಮೂವತ್ತೇಳೂವರೆ ಲಕ್ಷವಾಗುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 49,500 ರೂಪಾಯಿ ಬೇಕು. ಒಟ್ಟು ಕಟ್ಟುವ ಹಣ 59 ಲಕ್ಷವನ್ನು ಮೀರುತ್ತದೆ. ಓದುವ ಕಾಲದಲ್ಲಿಯೇ ಮನೆಯವರು ಬಡ್ಡಿಯನ್ನಷ್ಟೇ ತುಂಬುತ್ತ ಬಂದರೆ ಮುಂದಿನ ಕಂತು ಸುಮಾರು 39,600ಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ಸಹಿ ಹಾಕುವ ಮೊದಲೇ ತಂದೆಯೂ ಮಗನೂ ಕೂಡಿ ಕುಳಿತು ಮಾಡತಕ್ಕದ್ದು. ಏಕೆಂದರೆ ಸಾಲಪತ್ರದಲ್ಲಿ ಮಗನ ಹೆಸರಿನೊಡನೆ ತಂದೆಯ ಹೆಸರೂ ಇರುತ್ತದೆ. ಪತ್ರದಲ್ಲಿ ಕಾಣದ ಹೆಸರೂ ಒಂದುಂಟು. ಅಣ್ಣನ ವಿದೇಶ ವ್ಯಾಸಂಗಕ್ಕಾಗಿ ತನ್ನ ಕಾಲೇಜನ್ನು ಬಿಟ್ಟ ತಂಗಿಯದು. ಆ ವೆಚ್ಚವನ್ನು ಯಾವ ಬ್ಯಾಂಕೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಲ್ಲಿ ದುಡಿದು ತೀರಿಸುವೆನೆಂಬ ಧೈರ್ಯ ಅನೇಕರಿಗಿರುತ್ತದೆ. ಕಾಯಕದಲ್ಲಿ ಕೀಳೆಂಬುದಿಲ್ಲ, ಆದರೆ ಅದಕ್ಕೆ ಮಿತಿಯುಂಟು. ಅಮೆರಿಕದಲ್ಲಿ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ, ಅದೂ ವಿಶ್ವವಿದ್ಯಾಲಯದ ಆವರಣದೊಳಗೆ. ಜರ್ಮನಿಯಲ್ಲಿ 2024ರ ಮಾರ್ಚಿಯಿಂದ ವರ್ಷಕ್ಕೆ 140 ಪೂರ್ಣ ದಿನಗಳು. ಇದರಿಂದ ಊಟದ ಖರ್ಚು ಹೊರಟೀತು; ಬೋಧನಾ ಶುಲ್ಕ ಹೊರಡದು. ಮಿತಿಯನ್ನು ಮೀರಿ ದುಡಿದರೆ ವೀಸಾಕ್ಕೇ ಧಕ್ಕೆ. ವ್ಯಾಸಂಗಾನಂತರದ ಉದ್ಯೋಗವೂ ನಿಶ್ಚಿತವಲ್ಲ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವೀಧರರು ಉಳಿದು ದುಡಿಯಲು ಇದ್ದ ಎರಡು ವರ್ಷದ ಅವಕಾಶವನ್ನು 2027ರ ಜನವರಿಯಿಂದ 18 ತಿಂಗಳಿಗೆ ಇಳಿಸಲು ಅಲ್ಲಿನ ಸರ್ಕಾರ ನಿರ್ಧರಿಸಿದೆ. ಪರರ ಕಾನೂನನ್ನು ನಂಬಿ ಮನೆಯ ಪತ್ರವನ್ನು ಅಡವಿಡುವವನು ಇದನ್ನು ನೆನಪಿಡಬೇಕು.

ಹಾಗೆಂದು ಬಡವನು ಪರದೇಶದ ವಿದ್ಯೆಯ ಆಸೆಯನ್ನೇ ಬಿಡಬೇಕೆಂದಲ್ಲ. ಕೇಳಿ ಪಡೆಯುವವನಿಗೆ ಮಾರ್ಗಗಳಿವೆ. ಜೆಮ್‌ಶೆಟ್‌ಜಿ ತಾತಾ ಅವರು 1892ರಲ್ಲಿಯೇ ಸ್ಥಾಪಿಸಿದ ಜೆ. ಎನ್. ತಾತಾ ದತ್ತಿಯು ಸಾಲರೂಪದ ವಿದ್ಯಾರ್ಥಿವೇತನ ನೀಡುತ್ತ ಬಂದಿದೆ. ಫುಲ್‌ಬ್ರೈಟ್-ನೆಹರು, ಕಾಮನ್‌ವೆಲ್ತ್, ಚೀವ್ನಿಂಗ್, ಜರ್ಮನಿಯ ಡಾಡ್ ಇವು ಪ್ರಸಿದ್ಧವಾದ ವೇತನಗಳು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿಕಾರ್ಮಿಕ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡಗಳವರಿಗಾಗಿ ರೂಪುಗೊಂಡುದು. ಇವುಗಳ ಅರ್ಜಿಯ ಕಾಲ ಬಹುವಾಗಿ ಪ್ರವೇಶಕ್ಕೆ ಒಂದು ವರ್ಷ ಮುನ್ನವೇ ಬರುತ್ತದೆ. ಪದವಿಯ ಕೊನೆಯ ವರ್ಷದ ಆರಂಭದಲ್ಲಿಯೇ ವಿಚಾರಿಸದವನಿಗೆ ಅವು ಇದ್ದೂ ಇಲ್ಲದಂತೆ. ಪ್ರವೇಶಪತ್ರ ಬಂದಾಗ ಧನಸಹಾಯ ಎಷ್ಟು ವರ್ಷದ್ದು, ಬೇಸಿಗೆಯ ತಿಂಗಳುಗಳಿಗೂ ಉಂಟೇ, ವಿಮೆ ಅದರಲ್ಲಿ ಸೇರಿದೆಯೇ ಎಂದು ಬರೆದು ಕೇಳಬೇಕು. ಕೇಳುವುದು ಅವಮಾನವಲ್ಲ. ವಿಶ್ವವಿದ್ಯಾಲಯಗಳಿಂದ ದಲ್ಲಾಳಿ ಪಡೆದು ಉಚಿತ ಸಲಹೆ ಕೊಡುವವರು ಈ ಪ್ರಶ್ನೆಗಳನ್ನು ಕೇಳಿಕೊಡಲಾರರು.

ವಿದ್ಯೆಯ ವೆಚ್ಚವನ್ನು ಒಬ್ಬನ ಹೆಗಲಿಗೇ ಬಿಡಬಾರದೆಂಬುದು ಈ ನಾಡಿನ ಹಿರಿಯರ ಮತವಾಗಿತ್ತು. 1906ರಲ್ಲಿ ಲಿಂಗೈಕ್ಯರಾದ ತ್ಯಾಗವೀರ ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಹೋದರು. ಕೇಂಬ್ರಿಜ್‌ನಲ್ಲಿ ಗಣಿತವನ್ನು ಓದಿ ರ‍್ಯಾಂಗ್ಲರ್ ಎನಿಸಿದ ಡಿ. ಸಿ. ಪಾವಟೆಯವರು ತಾಯ್ನಾಡಿಗೆ ಮರಳಿ, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದರು. ಅವರ ಹೆಸರಿನ ಫೆಲೋಶಿಪ್ ಇಂದು ಇಲ್ಲಿಯವರನ್ನು ಅದೇ ಕೇಂಬ್ರಿಜ್‌ಗೆ ಕಳುಹಿಸುತ್ತಿದೆ. ದಾಸೋಹವೆಂದರೆ ಇದೇ, ಪಡೆದುದು ಮುಂದಿನವರಿಗೆ ಹರಿಯಬೇಕು.

ಪ್ರಸಾದನಿಲಯದಲ್ಲಿ ಉಂಡು ಓದಿ, ಸಮುದ್ರದಾಚೆ ಹೋಗಿ ನೆಲೆನಿಂತ ಹಳೆಯ ವಿದ್ಯಾರ್ಥಿಗಳು ಇಂದು ಅಲ್ಪಸಂಖ್ಯೆಯವರಲ್ಲ. ಅವರು ಹಣವನ್ನೇ ಕಳಿಸಬೇಕೆಂದಿಲ್ಲ; ಮೊದಲ ತಿಂಗಳ ವಸತಿ, ನಿಜವಾದ ಖರ್ಚಿನ ಒಂದು ಪಟ್ಟಿ, ಹೋಗಬೇಡವೆಂದು ಹೇಳಬೇಕಾದಲ್ಲಿ ಹೋಗಬೇಡವೆಂಬ ಒಂದು ಮಾತು, ಇವೂ ದಾಸೋಹವೇ. ಹೊರಡುವ ವಿದ್ಯಾರ್ಥಿ ಹಾಸಿಗೆಯಿದ್ದಷ್ಟು ಕಾಲು ಚಾಚಲಿ. ಹಾಸಿಗೆಯನ್ನು ಅಷ್ಟಿಷ್ಟು ಉದ್ದವಾಗಿಸುವುದು ಹಿಂದೆ ಹೋದವರ ಕರ್ತವ್ಯ. ಹಾಗಾದಾಗ ರೈತನ ಹೊಲವೂ ಉಳಿದೀತು, ಮನೆಯ ಮಗಳ ಓದೂ ಸಾಗೀತು, ಪರದೇಶದ ವಿದ್ಯೆಯೂ ಕೈಗೂಡೀತು.