ಹೆಳವರು

ಹೆಳವರು ಕರ್ನಾಟಕದ ಅಲೆಮಾರಿ ಸಮುದಾಯಗಳಲ್ಲಿ ಒಂದು. ಮನೆತನಗಳ ವಂಶಾವಳಿಯನ್ನು ಕಥನರೂಪದಲ್ಲಿ ಹೇಳುವುದು ಇವರ ಕುಲವೃತ್ತಿ. ‘ಹೆಳವ’ ಎಂದರೆ ಕುಂಟ ಎಂದರ್ಥ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಊರನ್ನು ಪ್ರವೇಶಿಸುವುದು ಇವರ ಸಂಪ್ರದಾಯವಾಗಿತ್ತು. ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳನ್ನು ಕುರಿತು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವರ ವಿವರವಿದೆ.

ವಂಶಾವಳಿ ವಾಚನ

ಸುಗ್ಗಿಯ ನಂತರ ಹೆಳವರು ತಮಗೆ ಸೇರಿದ ಒಕ್ಕಲುಗಳ ಮನೆಗಳಿಗೆ ಬರುತ್ತಾರೆ. ಮನೆಯವರ ಮುಂದೆ ಕುಳಿತು ಮೂಲಪುರುಷನಿಂದ ಆರಂಭಿಸಿ ಮೂಲಸ್ಥಳ, ಬೆಡಗು, ವಲಸೆ, ಕವಲೊಡೆದ ಶಾಖೆಗಳು ಹಾಗೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನು ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಕೇಳಿ ಹೊತ್ತಿಗೆಯಲ್ಲಿ ಸೇರಿಸಿಕೊಳ್ಳುತ್ತಾರೆ. ಪ್ರತಿಯಾಗಿ ಕಾಳು, ಬಟ್ಟೆ, ಹಣ ಪಡೆಯುತ್ತಾರೆ.

ಮಹತ್ವ

ಶಾಸನಗಳು ಹೆಚ್ಚಾಗಿ ಅರಸರನ್ನೂ ದಾನಿಗಳನ್ನೂ ಹೆಸರಿಸುತ್ತವೆ. ಸಾಮಾನ್ಯ ರೈತ ಕುಟುಂಬಗಳ ಪೂರ್ವಜರ ಹೆಸರು ಉಳಿದಿರುವುದು ಹೆಳವರ ನೆನಪು ಮತ್ತು ಹೊತ್ತಿಗೆಗಳಲ್ಲಿ. ಒಂದೇ ಬೆಡಗಿನೊಳಗೆ ಮದುವೆ ನಿಷಿದ್ಧವಾದ ಸಮುದಾಯಗಳಿಗೆ ಈ ತಿಳಿವಳಿಕೆ ನಿತ್ಯಜೀವನಕ್ಕೂ ಅಗತ್ಯವಾಗಿತ್ತು. ನ್ಯೂಜಿಲೆಂಡ್‌ನ ಮಾವೊರಿ ಜನರಲ್ಲಿಯೂ ವಂಶಾವಳಿಯನ್ನು ಬಾಯಿಪಾಠವಾಗಿ ಹೇಳುವ ‘ಫಕಪಾಪ’ ಎಂಬ ಪರಂಪರೆಯಿದೆ. ಅಲ್ಲಿ 19ನೆಯ ಶತಮಾನದ ಭೂ ನ್ಯಾಯಾಲಯಗಳಲ್ಲಿ ಅದನ್ನು ನೆಲದ ಹಕ್ಕಿಗೆ ಸಾಕ್ಷ್ಯವಾಗಿ ಮಂಡಿಸಲಾಗುತ್ತಿತ್ತು.

ಇಂದಿನ ಸ್ಥಿತಿ

ಕುಟುಂಬಗಳು ನಗರಗಳಿಗೆ ವಲಸೆ ಹೋದಂತೆ ಒಕ್ಕಲುಗಳೊಂದಿಗಿನ ಸಂಬಂಧ ಸಡಿಲವಾಗಿದೆ. ಹೆಳವರ ಯುವಜನರು ಅನ್ಯ ವೃತ್ತಿಗಳನ್ನು ಅವಲಂಬಿಸುತ್ತಿದ್ದಾರೆ. ಹೊತ್ತಿಗೆಗಳನ್ನು ಸಂರಕ್ಷಿಸಿದರೆ ಹೆಸರುಗಳು ಉಳಿಯುತ್ತವೆ. ಆದರೆ ಆ ಹೆಸರುಗಳನ್ನು ಕಥೆಯಾಗಿಸುವ ವಾಚನಕಲೆ ಹೇಳುವವರೂ ಕೇಳುವವರೂ ಇದ್ದರಷ್ಟೇ ಉಳಿಯುತ್ತದೆ.