ಹಾಲು, ತುಪ್ಪವಿಲ್ಲದ ಅಡಿಗೆಗೆ ರುಚಿ ತರುವ ಬಗೆ

ಮನೆಯ ಹಸು ಬತ್ತಿದೆ. ಅಥವಾ ಕರೆಯುವ ಹಸುವಿದ್ದರೂ ಎರಡು ಹೊತ್ತಿನ ಹಾಲೂ ಡೈರಿಗೆ ಹೋಗುತ್ತದೆ. ಶನಿವಾರವೋ ಸೋಮವಾರವೋ ಆದ್ದರಿಂದ ಮಾಂಸ, ಮೊಟ್ಟೆಗಳನ್ನು ಮುಟ್ಟುವಂತಿಲ್ಲ. ಅಂತಹ ದಿನ “ಇವೊತ್ತು ಏನೂ ಇಲ್ಲ, ಬರೀ ಸೊಪ್ಪಿನ ಸಾರು” ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಮಕ್ಕಳು ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ. ಯಜಮಾನರು ಇನ್ನಷ್ಟು ಉಪ್ಪು, ಖಾರ ಕೇಳುತ್ತಾರೆ. ಕಟ್ಟಕಡೆಗೆ ಉಣ್ಣುವ ಗೃಹಿಣಿಯ ಪಾಲಿಗೆ ಮುದ್ದೆಯೂ ತಿಳಿಯಾದ ಸಾರೂ ಮಾತ್ರ ಉಳಿಯುತ್ತವೆ.

ರುಚಿಯೆಂಬುದು ಕೇವಲ ನಾಲಗೆಯ ಚಪಲವಲ್ಲ. ಎಷ್ಟೇ ಪೌಷ್ಟಿಕವಾದ ಆಹಾರವಾದರೂ ರುಚಿಸದಿದ್ದರೆ ಹೊಟ್ಟೆಗೆ ಸೇರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣಗಳು ಹಲವು. ಕಾಳು, ಸೊಪ್ಪುಗಳು ಸಾಕಷ್ಟು ಹೊಟ್ಟೆಗೆ ಸೇರದಿರುವುದು ಅವುಗಳಲ್ಲೊಂದು. ಆದ್ದರಿಂದ ಸೊಪ್ಪಿನ ಸಾರನ್ನು ಎಲ್ಲರೂ ಬೇಡಿ ಉಣ್ಣುವಂತೆ ಮಾಡುವುದು ಕುಟುಂಬದ ಆರೋಗ್ಯಕ್ಕೆ ಸಂಬಂಧಿಸಿದ ವಿಷಯವೇ ಆಗಿದೆ.

ಇದಕ್ಕಾಗಿ ಹೊಸ ಅಡಿಗೆಯನ್ನು ಕಲಿಯಬೇಕಾಗಿಲ್ಲ. ಲಕ್ಷ್ಮಣತೀರ್ಥದ ಅಣೆಕಟ್ಟೆಯ ನೀರುಣ್ಣುವ ಹನಗೋಡಿನ ಬಯಲಾಗಲಿ, ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಾಗಲಿ, ಬತ್ತದ ಕೃಷ್ಣರಾಜನಗರವಾಗಲಿ, ಕಾಡಂಚಿನ ಹೆಗ್ಗಡದೇವನಕೋಟೆಯಾಗಲಿ, ಈ ಸೀಮೆಯ ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು, ಹುರುಳಿ ಸಾರುಗಳಿಗೆ ಹಾಲು, ತುಪ್ಪ ಎಂದೂ ಬೇಕಾಗಿರಲಿಲ್ಲ. ಅವುಗಳ ರುಚಿ ಎಲ್ಲಿಂದ ಬರುತ್ತದೆಂಬುದನ್ನು ಅರಿತು ಆ ಕ್ರಮವನ್ನು ತಪ್ಪದೆ ಪಾಲಿಸಿದರೆ ಸಾಕು.

ಬಸಿದ ಕಟ್ಟನ್ನು ಚೆಲ್ಲಬೇಡಿ

ಕಾಳನ್ನೂ ಸೊಪ್ಪನ್ನೂ ಬೇಯಿಸಿದಾಗ ಅವುಗಳ ಸಾರವೂ ಕೆಲವು ಜೀವಸತ್ವಗಳೂ ಲವಣಗಳೂ ನೀರಿಗೆ ಇಳಿಯುತ್ತವೆ. ಈ ನೀರೇ ಕಟ್ಟು. ಕಾಳು ನೆನೆಸಿದ ನೀರನ್ನು ಚೆಲ್ಲಬಹುದು. ಅದರಿಂದ ಹೊಟ್ಟೆಯುಬ್ಬರ ಕಡಿಮೆಯಾಗುತ್ತದೆ. ಆದರೆ ಬೇಯಿಸಿದ ನೀರನ್ನು ಚೆಲ್ಲುವುದೆಂದರೆ ರುಚಿಯನ್ನೂ ಪುಷ್ಟಿಯನ್ನೂ ಒಟ್ಟಿಗೆ ಕಳೆದುಕೊಂಡಂತೆ.

ಐದಾರು ಮಂದಿಯ ಮನೆಗೆ ಒಂದು ಪಾವು ಅಲಸಂದೆ ಅಥವಾ ಅವರೆಕಾಳನ್ನು ನೆನೆಸಿ ಬೇಯಿಸಿರಿ. ಕಾಳು ಮುಕ್ಕಾಲು ಬೆಂದಾಗ ಎರಡು ಕಂತೆ ದಂಟು ಅಥವಾ ಕೀರೆ ಸೊಪ್ಪನ್ನು ತೊಳೆದು ಹಾಕಿರಿ. ಕಾಳು ಮೆತ್ತಗಾಗಿಯೂ ಕರಗದೆ ಇರುವಾಗ ಕಟ್ಟನ್ನು ಬಸಿದುಕೊಳ್ಳಿರಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆಗಳೊಂದಿಗೆ ಸ್ವಲ್ಪ ತೆಂಗಿನಕಾಯಿ ತುರಿ ಮತ್ತು ಹುಣಸೆಹಣ್ಣನ್ನು ರುಬ್ಬಿರಿ. ಹೀಗೆ ರುಬ್ಬುವಾಗ ಬೆಂದ ಕಾಳು-ಸೊಪ್ಪನ್ನು ಒಂದು ಸೌಟಿನಷ್ಟು ಸೇರಿಸುವುದನ್ನು ಮರೆಯಬಾರದು. ಸಾರಿಗೆ ಮಂದವನ್ನೂ ತೂಕವನ್ನೂ ಕೊಡುವುದು ಇದೇ. ಈ ಖಾರವನ್ನು ಕಟ್ಟಿಗೆ ಬೆರೆಸಿ ಕುದಿಸಿದರೆ ಬಸ್ಸಾರು ಸಿದ್ಧ. ಉಳಿದ ಕಾಳು-ಸೊಪ್ಪು ಪಲ್ಯವಾಗುತ್ತದೆ.

ಹುರುಳಿಕಾಳಿನ ಕಟ್ಟು ಇನ್ನೂ ಗಾಢವಾದದ್ದು. ಕಾಳನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಬೇಯಿಸಿದರೆ ರುಚಿ ಸಿಹಿಯಾಗುತ್ತದೆ. ಕಾಳಿನ ಕಬ್ಬಿಣಾಂಶವೂ ದೇಹಕ್ಕೆ ಹೆಚ್ಚು ಸುಲಭವಾಗಿ ದೊರೆಯುತ್ತದೆ. ಮೊಳಕೆ ಕಾಳನ್ನು ಚೆನ್ನಾಗಿ ಬೇಯಿಸಿಯೇ ಉಣ್ಣಬೇಕು.

ಹುರಿಯುವುದು ಮತ್ತು ಸುಡುವುದು

ಬೇಯಿಸುವುದರಿಂದ ಆಹಾರ ಮೆತ್ತಗಾಗುತ್ತದೆ. ಹುರಿಯುವುದರಿಂದ ಪರಿಮಳ ಹುಟ್ಟುತ್ತದೆ. ಒಣ ಕಾವಿನಲ್ಲಿ ಆಹಾರದ ಸಸಾರಜನಕದ ಅಂಶಗಳೂ ಸಕ್ಕರೆಯ ಅಂಶಗಳೂ ಕೂಡಿ ಬಣ್ಣ ಬದಲಿಸುತ್ತವೆ. ಹುರಿದ ಮಾಂಸದ ಘಮಲಿಗೆ ಕಾರಣವಾದ ಈ ಕ್ರಿಯೆಯೇ ಹುರಿದ ಎಳ್ಳಿನಲ್ಲಿಯೂ ಕಡಲೆಕಾಯಿಯಲ್ಲಿಯೂ ನಡೆಯುತ್ತದೆ. ಆದ್ದರಿಂದ ಮಸಾಲೆಯನ್ನು ಹಸಿಯಾಗಿ ಅರೆಯದೆ, ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಿರಿ. ಈರುಳ್ಳಿ, ಟೊಮ್ಯಾಟೊ, ಬದನೆಕಾಯಿಗಳನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು ಗೊಜ್ಜು ಮಾಡಿದರೆ ಎಣ್ಣೆ ಇಲ್ಲದೆಯೂ ಊಟ ಸೊಗಸುತ್ತದೆ. ಮಸಾಲೆ ಕರಿದಾದರೆ ಕಹಿಯಾಗುತ್ತದೆ. ಘಮ ಬಂದೊಡನೆ ಇಳಿಸಬೇಕು.

ಹುಳಿ ಮತ್ತು ಒಗ್ಗರಣೆ

ಮಜ್ಜಿಗೆ ಇಲ್ಲದ ದಿನ ಊಟ ಸಪ್ಪೆಯೆನಿಸುವುದು ಹುಳಿಯ ಕೊರತೆಯಿಂದ. ಹುಣಸೆಹಣ್ಣು, ಹುಣಸೆಯ ಚಿಗುರು, ಮಾವಿನಕಾಯಿ, ನೆಲ್ಲಿಕಾಯಿ, ನಿಂಬೆಹಣ್ಣುಗಳಲ್ಲಿ ಆಯಾ ಕಾಲಕ್ಕೆ ದೊರೆತುದನ್ನು ಬಳಸಿರಿ. ನಿಂಬೆಯ ರಸವನ್ನು ಸಾರು ಇಳಿಸಿದ ಮೇಲೆ, ಸಾಧ್ಯವಾದರೆ ತಟ್ಟೆಯಲ್ಲಿಯೇ ಹಿಂಡಿರಿ. ಕುದಿಸಿದರೆ ಅದರ ‘ಸಿ’ ಜೀವಸತ್ವ ನಾಶವಾಗುತ್ತದೆ. ಈ ಜೀವಸತ್ವವು ಸೊಪ್ಪು, ಕಾಳುಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಊಟದ ಜೊತೆಯಲ್ಲಿ ಕುಡಿದ ಚಹಾ, ಕಾಫಿಗಳು ಕಬ್ಬಿಣಾಂಶ ದೊರೆಯದಂತೆ ತಡೆಯುತ್ತವೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ.

ಸಾಸಿವೆ, ಬೆಳ್ಳುಳ್ಳಿ, ಕರಿಬೇವು, ಇಂಗುಗಳ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಎರಡು ಚಮಚ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವವರೆಗೆ ಒಗ್ಗರಣೆ ಮಾಡಿ, ಸಾರಿಗೆ ಹಾಕಿದೊಡನೆ ಮುಚ್ಚಳ ಮುಚ್ಚಿರಿ. ಮೊದಲೇ ಹೆಚ್ಚು ಎಣ್ಣೆ ಸುರಿದು ಬೇಯಿಸುವುದಕ್ಕಿಂತ ಇದರಿಂದ ಖರ್ಚೂ ಕಡಿಮೆ, ಘಮವೂ ಹೆಚ್ಚು.

ತುಪ್ಪದ ಸ್ಥಾನಕ್ಕೆ ಎಳ್ಳು, ಹುಚ್ಚೆಳ್ಳು

ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ನಮ್ಮ ಹಿರಿಯರು ಅವರೆ, ಅಲಸಂದೆ, ಹುಚ್ಚೆಳ್ಳುಗಳನ್ನು ಬಿತ್ತುತ್ತಿದ್ದರು. ಮುದ್ದೆಗೆ ಬೇಕಾದ ಜೊತೆಯೆಲ್ಲ ಆ ಒಂದೇ ಹೊಲದಲ್ಲಿತ್ತು. ರಾಗಿಯ ಸಸಾರಜನಕದ ಕೊರತೆಯನ್ನು ಕಾಳು ತುಂಬುತ್ತದೆ. ಎಣ್ಣೆಕಾಳು ಜಿಡ್ಡನ್ನು ಒದಗಿಸುತ್ತದೆ. ಹುಚ್ಚೆಳ್ಳನ್ನು ಚಿಟಪಟ ಸಿಡಿಯುವವರೆಗೆ ಹುರಿದು, ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಸ್ವಲ್ಪ ಉಪ್ಪಿನೊಂದಿಗೆ ಕುಟ್ಟಿಡಿರಿ. ಈ ಪುಡಿ ಒಂದು ಚಮಚವಿದ್ದರೆ ರೊಟ್ಟಿಗೂ ಅನ್ನಕ್ಕೂ ತುಪ್ಪದ ನೆನಪಾಗುವುದಿಲ್ಲ. ಹುರಿದ ಕಡಲೆಕಾಯಿ ಬೀಜ ಅಥವಾ ಎಳ್ಳನ್ನು ನುಣ್ಣಗೆ ರುಬ್ಬಿ ಪಲ್ಯ, ಗೊಜ್ಜುಗಳಿಗೆ ಬೆರೆಸಿದರೆ ಕೆನೆ ಹಾಕಿದಂತಹ ಮಂದ ಬರುತ್ತದೆ. ಬೂಸಲು ಹಿಡಿದ ಕಡಲೆಕಾಯಿಯಲ್ಲಿ ವಿಷವಿರಬಹುದು. ಅದನ್ನು ಹುರಿದರೂ ಬಳಸಕೂಡದು.

ಉಪ್ಪಿನ ಮಿತಿ

“ಉಪ್ಪಿಗಿಂತ ರುಚಿಯಿಲ್ಲ” ಎಂಬ ಗಾದೆ ನಿಜವಾದರೂ ರುಚಿಗೆ ಉಪ್ಪೊಂದೇ ದಾರಿಯಲ್ಲ. ವಯಸ್ಕರಿಗೆ ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದೊಳಗೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಇದರಲ್ಲಿಯೇ ಸೇರಿದೆ. ಮಿತಿಮೀರಿದ ಉಪ್ಪಿನಿಂದ ರಕ್ತದ ಒತ್ತಡ ಏರುತ್ತದೆ. ಕಟ್ಟು ಗಾಢವಾಗಿದ್ದು, ಮಸಾಲೆ ಹುರಿದಿದ್ದು, ಹುಳಿ ಹದವಾಗಿದ್ದರೆ ಕಡಿಮೆ ಉಪ್ಪಿನಲ್ಲಿಯೇ ರುಚಿ ನಿಲ್ಲುತ್ತದೆ. ಬಳಸುವ ಉಪ್ಪು ಅಯೋಡಿನ್ ಬೆರೆಸಿದ್ದಾಗಿರಲಿ.

ಗಮನಿಸಬೇಕಾದ ಸಂಗತಿಗಳು

ಹಾಲು, ಮೊಸರು, ಮೊಟ್ಟೆಗಳನ್ನು ಬಿಡಿರೆಂದು ಇಲ್ಲಿ ಹೇಳುತ್ತಿಲ್ಲ. ‘ಬಿ-12’ ಎಂಬ ಜೀವಸತ್ವ ಕಾಳು, ಸೊಪ್ಪು, ಧಾನ್ಯಗಳಲ್ಲಿ ದೊರೆಯುವುದಿಲ್ಲವೆಂದೇ ಹೇಳಬೇಕು. ಇದರ ಕೊರತೆಯಿಂದ ರಕ್ತಹೀನತೆಯೂ ನರಗಳ ದೌರ್ಬಲ್ಯವೂ ಬರುತ್ತವೆ. ಸಾಧ್ಯವಿದ್ದಲ್ಲಿ ಡೈರಿಗೆ ಹಾಕುವ ಹಾಲಿನಲ್ಲಿ ಒಂದು ಪಾಲನ್ನು ಮನೆಯವರಿಗೆ ಉಳಿಸಿಕೊಳ್ಳಿರಿ. ಇವುಗಳನ್ನು ಪೂರ್ತಿಯಾಗಿ ಬಿಟ್ಟವರು, ಅದರಲ್ಲಿಯೂ ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು, ಈ ಸಂಗತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ ಅವರು ಹೇಳಿದ ಮಾತ್ರೆಯನ್ನು ಸೇವಿಸಬೇಕು. ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ 180 ದಿನ ನಿತ್ಯ ಒಂದರಂತೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೂ ತಪ್ಪಿಸಬಾರದು. ಎಷ್ಟೇ ಒಳ್ಳೆಯ ಸೊಪ್ಪಿನ ಸಾರೂ ಅದಕ್ಕೆ ಬದಲಿಯಲ್ಲ.

ಹೊಲದ ಬದುವಿನ ಸೊಪ್ಪು ಒಳ್ಳೆಯದು. ಆದರೆ ಕೀಟನಾಶಕ ಹೊಡೆದ ಹೊಲದಲ್ಲಾಗಲಿ ಅದರ ಅಂಚಿನಲ್ಲಾಗಲಿ ಕಿತ್ತ ಸೊಪ್ಪನ್ನು ಅಡಿಗೆಗೆ ತರಬೇಡಿರಿ. ಹಿತ್ತಿಲಿನಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ ಗಿಡ ನೆಟ್ಟರೆ ಈ ಚಿಂತೆ ಕಡಿಮೆಯಾಗುತ್ತದೆ.

ಎಲ್ಲರ ತಟ್ಟೆಗೂ ಪಲ್ಯ

ಬಸ್ಸಾರಿನಲ್ಲಿ ಸಾರು ಬೇರೆ, ಪಲ್ಯ ಬೇರೆ. ಕಾಳೂ ಸೊಪ್ಪೂ ಹೆಚ್ಚಾಗಿ ಇರುವುದು ಪಲ್ಯದಲ್ಲಿ. ಅಡಿಗೆ ರುಚಿಯಾದಷ್ಟೂ ಪಲ್ಯ ಬೇಗ ಮುಗಿಯುತ್ತದೆ; ಕೊನೆಯಲ್ಲಿ ಕೂರುವವರಿಗೆ ಸಾರು ಮಾತ್ರ ಸಿಗುತ್ತದೆ. ಸೊಪ್ಪು ಸೋಸಿದವಳು, ಕಾಳು ಬೇಯಿಸಿದವಳು, ಒಗ್ಗರಣೆಯ ಹೊಗೆ ಕುಡಿದವಳು ಅದರ ಸಾರವನ್ನೇ ಕಾಣದೆ ಏಳುವುದು ನ್ಯಾಯವೂ ಅಲ್ಲ, ಆರೋಗ್ಯಕರವೂ ಅಲ್ಲ. ಆದ್ದರಿಂದ ಪಲ್ಯವನ್ನು ಮೊದಲೇ ಎಲ್ಲರ ಪಾಲಿಗೂ ತೆಗೆದಿಡಿರಿ. ಯಜಮಾನರೇ, ಒಂದು ಹೊತ್ತಾದರೂ ಪತ್ನಿಯೊಡನೆ ಕುಳಿತು ಉಣ್ಣಿರಿ. ಎರಡನೆಯ ಸಲ ಪಲ್ಯ ಬಡಿಸಿಕೊಳ್ಳುವ ಮೊದಲು ಆಕೆಯ ತಟ್ಟೆಯ ಕಡೆಗೊಮ್ಮೆ ನೋಡಿರಿ. ಮುದ್ದೆಯ ಪಕ್ಕದಲ್ಲಿ ಪಲ್ಯ ಕಾಣದಿದ್ದರೆ ನಿಮ್ಮ ಕೈಯಾರೆ ಒಂದು ಸೌಟು ಬಡಿಸಿರಿ.