ರ‍್ಯಾಮ್ ಮೇಲೆ 3200, ಓಡ್ತಿರೋದು 2666: ಬಯಾಸ್‌ನಲ್ಲಿ ಸ್ಪೀಡ್ ಆನ್ ಮಾಡಿ, ಆದರೆ ಟೆಸ್ಟ್ ಮಾಡದೆ ಬಿಡಬೇಡಿ

ಕಲಬುರಗಿ: ಬಿಡಿಭಾಗ ಆರಿಸಿ ಅಂಗಡಿಯಲ್ಲಿ ಜೋಡಿಸಿಕೊಂಡ ಕಂಪ್ಯೂಟರ್‌ಗಳಲ್ಲಿ ಒಂದು ಸಂಗತಿ ತುಂಬಾ ಸಾಮಾನ್ಯ. ಬಿಲ್‌ನಲ್ಲಿ ‘16 ಜಿಬಿ ಡಿಡಿಆರ್4 3200’ ಅಂತ ಬರೆದಿರುತ್ತದೆ. ರ‍್ಯಾಮ್ ಸ್ಟಿಕ್ಕರ್ ಮೇಲೂ ಅದೇ ಅಂಕಿ. ಆದರೆ ಒಳಗೆ ಅದು 2666ರಲ್ಲೋ 2400ರಲ್ಲೋ ಓಡ್ತಾ ಇರುತ್ತದೆ. ದುಡ್ಡು ಕೊಟ್ಟ ಸ್ಪೀಡ್ ಸಿಕ್ಕೇ ಇಲ್ಲ ಅನ್ನೋದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ಹಾಗಂತ ಇದು ಅಂಗಡಿಯವರ ಮೋಸ ಅಂದುಕೊಳ್ಳಬೇಕಿಲ್ಲ, ರ‍್ಯಾಮ್ ಡೂಪ್ಲಿಕೇಟ್ ಅಂತಲೂ ಅಲ್ಲ. ಹೆಚ್ಚಿನ ಸಲ ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಆನ್ ಆಗಿರುವುದಿಲ್ಲ, ಅಷ್ಟೇ. ಆನ್ ಮಾಡೋದು ಎರಡು ನಿಮಿಷದ ಕೆಲಸ, ಖರ್ಚೂ ಇಲ್ಲ. ಆದರೆ ಆನ್ ಮಾಡಿ ಪರೀಕ್ಷೆ ಮಾಡದೆ ಬಿಟ್ಟರೆ ಮದುವೆ ಫೋಟೊ, ಕಾಲೇಜು ಪ್ರಾಜೆಕ್ಟ್, ಅಂಗಡಿ ಲೆಕ್ಕದ ಫೈಲ್ ಸದ್ದಿಲ್ಲದೆ ಕೆಡುವ ಅಪಾಯವೂ ಇದೆ.

ಮೊದಲು ನಿಮ್ಮದು ಎಷ್ಟರಲ್ಲಿ ಓಡ್ತಿದೆ ನೋಡಿ

ಕೀಬೋರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ‘ಪರ್ಫಾರ್ಮೆನ್ಸ್’ನಲ್ಲಿ ‘ಮೆಮೊರಿ’ ಒತ್ತಿದರೆ ಕೆಳಗೆ ‘ಸ್ಪೀಡ್’ ಎಂದು ಅಂಕಿ ಕಾಣುತ್ತದೆ. ಅದು ಸ್ಟಿಕ್ಕರ್‌ನ ಅಂಕಿಗೆ ಸರಿಹೊಂದಿದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು.

‘ಸಿಪಿಯು-ಝಡ್’ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದವರು 1600 ಅಂತ ಕಂಡು ಗಾಬರಿ ಆಗುವುದುಂಟು. ಗಾಬರಿ ಬೇಡ. ಡಿಡಿಆರ್ ಮೆಮೊರಿ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತದೆ. ಹಾಗಾಗಿ 1600 ಮೆಗಾಹರ್ಟ್ಸ್ ಅಂದರೆ 3200ಕ್ಕೆ ಸಮ.

ಯಾಕೆ ಹೀಗೆ?

ಪ್ರತಿ ರ‍್ಯಾಮ್ ಪಟ್ಟಿಯಲ್ಲೂ ಒಂದು ಸಣ್ಣ ಚಿಪ್ ಇದೆ. ಈ ರ‍್ಯಾಮ್ ಎಷ್ಟು ಸ್ಪೀಡ್‌ನಲ್ಲಿ, ಎಷ್ಟು ವೋಲ್ಟೇಜ್‌ನಲ್ಲಿ ಓಡಬಹುದು ಎಂಬ ವಿವರ ಅದರಲ್ಲಿ ಬರೆದಿರುತ್ತದೆ. ಕಂಪ್ಯೂಟರ್ ಆನ್ ಆದಾಗ ಮದರ್‌ಬೋರ್ಡ್ ಅದನ್ನು ಓದಿ, ಎಲ್ಲರಿಗೂ ಹೊಂದುವ ಸುರಕ್ಷಿತ ಮಟ್ಟವನ್ನೇ ಆರಿಸಿಕೊಳ್ಳುತ್ತದೆ. ಡಿಡಿಆರ್4ಗೆ ಆ ಮಟ್ಟದ ವೋಲ್ಟೇಜ್ 1.2.

ತಯಾರಕರು ಪರೀಕ್ಷಿಸಿ ಬರೆದಿಟ್ಟ ಹೆಚ್ಚಿನ ಸ್ಪೀಡ್ ಅದೇ ಚಿಪ್‌ನಲ್ಲಿ ಬೇರೆ ಪ್ರೊಫೈಲ್ ಆಗಿ ಇರುತ್ತದೆ. ಇದಕ್ಕೆ ಇಂಟೆಲ್ ಇಟ್ಟ ಹೆಸರು ಎಕ್ಸ್‌ಎಂಪಿ. ಎಎಂಡಿ ಬೋರ್ಡ್‌ಗಳಲ್ಲಿ ಇದೇ ಸೆಟ್ಟಿಂಗ್ ಡಿಒಸಿಪಿ, ಎ-ಎಕ್ಸ್‌ಎಂಪಿ ಎಂಬ ಹೆಸರಲ್ಲಿ ಸಿಗಬಹುದು. ಡಿಡಿಆರ್5 ಬಂದ ಮೇಲೆ, 2022ರಲ್ಲಿ, ಎಎಂಡಿ ತನ್ನದೇ ಎಕ್ಸ್‌ಪೋ ತಂದಿತು. ಡಿಡಿಆರ್4 3200 ಸಿಎಲ್16 ರ‍್ಯಾಮ್‌ಗೆ ಈ ಪ್ರೊಫೈಲ್‌ನಲ್ಲಿ ಸಾಮಾನ್ಯವಾಗಿ 1.35 ವೋಲ್ಟ್ ಇರುತ್ತದೆ. ಅದನ್ನು ನೀವೇ ಹೋಗಿ ಆನ್ ಮಾಡಬೇಕು.

ಕೆಲವು 3200 ರ‍್ಯಾಮ್‌ಗಳ ಸ್ಟಿಕ್ಕರ್ ಮೇಲೆ ಸಿಎಲ್22, 1.2 ವೋಲ್ಟ್ ಅಂತ ಇರುತ್ತದೆ. ಬೋರ್ಡ್ ಮತ್ತು ಪ್ರೊಸೆಸರ್ ಒಪ್ಪಿದರೆ ಅವು ತಾನಾಗಿಯೇ 3200ರಲ್ಲಿ ಓಡುತ್ತವೆ, ಪ್ರೊಫೈಲ್ ಬೇಕಿಲ್ಲ.

ಎಲ್ಲ ಬೋರ್ಡ್‌ನಲ್ಲೂ ಆಗೋದಿಲ್ಲ

ಇಂಟೆಲ್‌ನ ಎಚ್410 ಅಥವಾ ಬಿ460 ಬೋರ್ಡ್‌ಗೆ 10ನೇ ತಲೆಮಾರಿನ ಐ5 ಹಾಕಿಸಿದ್ದರೆ ರ‍್ಯಾಮ್ 2666ಕ್ಕಿಂತ ಮೇಲೆ ಹೋಗುವುದಿಲ್ಲ. ಅಲ್ಲಿ 3200 ರ‍್ಯಾಮ್‌ಗೆ ಹೆಚ್ಚು ದುಡ್ಡು ಕೊಟ್ಟರೆ ಅದು ದಂಡ. 2021ರಲ್ಲಿ ಬಂದ ಬಿ560ಯಿಂದ ಇಂಟೆಲ್ ಬಿ ಸರಣಿಯಲ್ಲಿ ಈ ಬಾಗಿಲು ತೆರೆಯಿತು. ಬಿ660, ಬಿ760ಗಳಲ್ಲೂ ಆಗುತ್ತದೆ. ಎಎಂಡಿಯ ಬಿ450, ಬಿ550, ಎ520 ಬೋರ್ಡ್‌ಗಳಲ್ಲಿ ರ‍್ಯಾಮ್ ಸ್ಪೀಡ್ ಏರಿಸಲು ಅಡ್ಡಿಯಿಲ್ಲ.

ಬಯಾಸ್‌ನಲ್ಲಿ ಮಾಡುವುದು ಹೀಗೆ

1. ಮುಖ್ಯ ಫೈಲ್‌ಗಳ ಒಂದು ಪ್ರತಿ ಬೇರೆ ಡಿಸ್ಕ್‌ಗೆ ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯಾಸ್ ಬದಲಾದಾಗ ಅದನ್ನು ಕೇಳಬಹುದು.

2. ಕಂಪ್ಯೂಟರ್ ಆನ್ ಆಗುತ್ತಿದ್ದಂತೆ ‘ಡಿಲೀಟ್’ ಕೀ ಪಟಪಟ ಒತ್ತುತ್ತಿರಿ. ಕೆಲವು ಬೋರ್ಡ್‌ನಲ್ಲಿ ‘ಎಫ್2’.

3. ಬಯಾಸ್‌ನ ಮೊದಲ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ವಾಪಸ್ ಹೋಗಬೇಕಾದರೆ ದಾರಿ ಗೊತ್ತಿರುತ್ತದೆ.

4. ಎಕ್ಸ್‌ಎಂಪಿ, ಡಿಒಸಿಪಿ ಅಥವಾ ಎಕ್ಸ್‌ಪೋ ಹುಡುಕಿ ‘ಪ್ರೊಫೈಲ್ 1’ ಆರಿಸಿ. ಬೇರೆ ಏನನ್ನೂ ಮುಟ್ಟಬೇಡಿ.

5. ‘ಎಫ್10’ ಒತ್ತಿ ಸೇವ್ ಮಾಡಿ ಹೊರಗೆ ಬನ್ನಿ.

ಮೊದಲ ಸಲ ಸ್ಕ್ರೀನ್ ಬರಲು ತಡ ಆಗುತ್ತದೆ, ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗಬಹುದು. ಬೋರ್ಡ್ ಹೊಸ ಸ್ಪೀಡ್‌ಗೆ ರ‍್ಯಾಮ್ ಅನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಡಿಡಿಆರ್5ನಲ್ಲಿ ಇದು ಕೆಲವು ನಿಮಿಷ ಹಿಡಿಯಬಹುದು. ಅವಸರ ಮಾಡಿ ಸ್ವಿಚ್ ಆಫ್ ಮಾಡಬೇಡಿ.

ಸಿಎಲ್ ಅಂದರೆ ಏನು?

ಬಸ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಗಂಟೆಗೆ ಎಷ್ಟು ಬಸ್ ಹೋಗುತ್ತವೆ ಅನ್ನುವುದು 3200ರಂಥ ಸ್ಪೀಡ್. ನೀವು ಹೋಗಿ ನಿಂತ ಮೇಲೆ ಮೊದಲ ಬಸ್ ಬರೋಕೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು ಸಿಎಲ್. ಎರಡನ್ನೂ ಸೇರಿಸಿ ನೋಡಬೇಕು.

ಲೆಕ್ಕ ಸುಲಭ. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ, ಸ್ಪೀಡ್‌ನಿಂದ ಭಾಗಿಸಿದರೆ ಕಾಯುವ ಸಮಯ ನ್ಯಾನೊ ಸೆಕೆಂಡ್‌ನಲ್ಲಿ ಬರುತ್ತದೆ. 2666 ಸಿಎಲ್19 ಇದ್ದರೆ ಸುಮಾರು 14.3. 3200 ಸಿಎಲ್16 ಇದ್ದರೆ 10. 3600 ಸಿಎಲ್18 ಇದ್ದರೂ 10. ಅಂಗಡಿಯಲ್ಲಿ ‘3600 ಜಾಸ್ತಿ ಫಾಸ್ಟ್ ಸರ್’ ಅಂದರೆ ಸಿಎಲ್ ಎಷ್ಟು ಅಂತಲೂ ಕೇಳಿ.

ಯಾರಿಗೆ ಲಾಭ, ಯಾರಿಗೆ ಇಲ್ಲ

2666ರಲ್ಲಿ ಒಂದು ರ‍್ಯಾಮ್ ಪಟ್ಟಿಯ ಮೂಲಕ ಸೆಕೆಂಡಿಗೆ ಗರಿಷ್ಠ 21.3 ಜಿಬಿ ಡೇಟಾ ಹರಿಯಬಹುದು. 3200ರಲ್ಲಿ 25.6 ಜಿಬಿ. ಕಾಗದದ ಮೇಲೆ ಶೇ 20 ಹೆಚ್ಚು. ಆದರೆ ಎಲ್ಲ ಕೆಲಸವೂ ಅಷ್ಟೇ ಬೇಗ ಆಗುತ್ತದೆ ಅಂತಲ್ಲ. ನುಡಿಯಲ್ಲಿ ಟೈಪ್ ಮಾಡುವವರಿಗೆ, ಬಿಲ್ ಹಾಕುವವರಿಗೆ, ಬ್ರೌಸರ್ ನೋಡುವವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ.

ಲಾಭ ಎದ್ದು ಕಾಣುವುದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ಗಳಲ್ಲಿ. ಉದಾಹರಣೆಗೆ ರೈಜನ್ 5 5600ಜಿ. ಅದರ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಗೇಮ್ ಆಡುವ ಹುಡುಗರಿಗೆ ಇಲ್ಲಿ ಸ್ಪೀಡ್ ನೇರವಾಗಿ ಅನುಭವಕ್ಕೆ ಬರುತ್ತದೆ.

ಇದಕ್ಕಿಂತ ದೊಡ್ಡ ಲಾಭ ಎರಡು ಪಟ್ಟಿ ಹಾಕುವುದರಲ್ಲಿದೆ. 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಹಾಕಿದರೆ ಡೇಟಾ ಹರಿಯುವ ದಾರಿ ದುಪ್ಪಟ್ಟು. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಬೇಕು. ಅಕ್ಕಪಕ್ಕ ಹಾಕಿದರೆ ಈ ಲಾಭ ತಪ್ಪಿ ಹೋಗಬಹುದು. ಎರಡೂ ಒಂದೇ ಪ್ಯಾಕ್‌ನಲ್ಲಿ ಬಂದವಾದರೆ ಒಳ್ಳೆಯದು. ಹಳೆಯದಕ್ಕೆ ಬೇರೆ ಕಂಪನಿಯದು ಸೇರಿಸಿದರೆ ಎರಡೂ ನಿಧಾನದ್ದರ ಸ್ಪೀಡ್‌ಗೇ ಇಳಿಯುತ್ತವೆ, ಕೆಲವೊಮ್ಮೆ ಪ್ರೊಫೈಲ್ ನಿಲ್ಲುವುದೇ ಇಲ್ಲ.

ಅಪಾಯ ಇರೋದು ಇಲ್ಲಿ

ಕಂಪ್ಯೂಟರ್ ಆನ್ ಆಯ್ತು, ವಿಂಡೋಸ್ ಬಂತು ಅಂದರೆ ಎಲ್ಲ ಸರಿ ಇದೆ ಅಂತ ಅರ್ಥವಲ್ಲ. ನೀಲಿ ಸ್ಕ್ರೀನ್ ಬಂದರೆ ಒಂದು ರೀತಿ ಒಳ್ಳೆಯದೇ, ತೊಂದರೆ ಕಣ್ಣಿಗೆ ಕಾಣುತ್ತದೆ. ಕಾಣದ ತೊಂದರೆಯೇ ದೊಡ್ಡದು.

ಕ್ಯಾಮೆರಾ ಕಾರ್ಡ್‌ನಿಂದ ಹಾರ್ಡ್ ಡಿಸ್ಕ್‌ಗೆ ಫೋಟೊ ಹಾಕುವಾಗ ಆ ಫೋಟೊ ರ‍್ಯಾಮ್ ಮೂಲಕವೇ ಹಾದು ಹೋಗುತ್ತದೆ. ಆ ಕ್ಷಣದಲ್ಲಿ ಒಂದೇ ಒಂದು ಬಿಟ್ ತಪ್ಪಿದರೂ ಜೆಪೆಗ್ ಫೋಟೊದಲ್ಲಿ ಅಲ್ಲಿಂದ ಕೆಳಗೆ ಬಣ್ಣ ಕೆಟ್ಟು ಪಟ್ಟೆ ಬರಬಹುದು. ಕಂಪ್ಯೂಟರ್ ಮಾತ್ರ ‘ಕಾಪಿ ಮುಗಿಯಿತು’ ಅನ್ನುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್ ರ‍್ಯಾಮ್‌ನಲ್ಲಿ, ಸರ್ವರ್‌ಗಳಲ್ಲಿ ಇರುವಂಥ ತಪ್ಪು ಹಿಡಿಯುವ ವ್ಯವಸ್ಥೆ ಇಲ್ಲ. ಕಾರ್ಡ್ ಫಾರ್ಮ್ಯಾಟ್ ಮಾಡಿ ಮುಂದಿನ ಮದುವೆಗೆ ಹೋದ ಮೇಲೆ ಆಲ್ಬಂ ಮಾಡಲು ಕೂತಾಗ ಗೊತ್ತಾದರೆ ಆ ಫೋಟೊ ಮತ್ತೆ ಸಿಗೋದಿಲ್ಲ. ಜಿಪ್ ಫೈಲ್ ತೆರೆಯುವಾಗ ಪದೇ ಪದೇ ಎರರ್ ಬರುವುದು, ಇದ್ದಕ್ಕಿದ್ದಂತೆ ಪ್ರೋಗ್ರಾಂ ಮುಚ್ಚಿಕೊಳ್ಳುವುದು ಕೂಡ ಇದರ ಸೂಚನೆ ಇರಬಹುದು.

ಒಂದು ರಾತ್ರಿ ಟೆಸ್ಟ್‌ಗೆ ಬಿಡಿ

‘ಮೆಮ್‌ಟೆಸ್ಟ್86’ ಉಚಿತವಾಗಿ ಸಿಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಆನ್ ಮಾಡಿ ರಾತ್ರಿ ಬಿಟ್ಟರೆ ಬೆಳಗ್ಗೆ ಫಲಿತಾಂಶ ಸಿಗುತ್ತದೆ. ಉಚಿತ ಆವೃತ್ತಿಯಲ್ಲಿ ನಾಲ್ಕು ಸುತ್ತು ಓಡುತ್ತದೆ. ಎರರ್ ಸೊನ್ನೆ ಇರಬೇಕು. ‘ಒಂದೇ ತಾನೆ’ ಅಂತ ಬಿಡುವಂತಿಲ್ಲ, ಒಂದು ಬಂದರೂ ಫೇಲ್.

ಫೇಲ್ ಆದರೆ ಪ್ರೊಫೈಲ್ ಹಾಗೇ ಇಟ್ಟು ಸ್ಪೀಡ್ ಮಾತ್ರ 3000 ಅಥವಾ 2933ಕ್ಕೆ ಇಳಿಸಿ ಮತ್ತೆ ಟೆಸ್ಟ್ ಮಾಡಿ. ಪ್ರೊಫೈಲ್ ಆಫ್ ಮಾಡಿದ ಮೇಲೂ ಎರರ್ ಬರುತ್ತಿದ್ದರೆ ರ‍್ಯಾಮ್ ಅಥವಾ ಸ್ಲಾಟ್ ಕೆಟ್ಟಿರುವ ಸಾಧ್ಯತೆ ಇದೆ. ಒಂದೊಂದೇ ಪಟ್ಟಿ ಹಾಕಿ ನೋಡಿ, ಬಿಲ್ ತೆಗೆದುಕೊಂಡು ಅಂಗಡಿಗೆ ಹೋಗಿ.

ಸ್ಕ್ರೀನ್ ಬರ್ಲಿಲ್ಲ ಅಂದ್ರೆ

ಹೆದರಬೇಕಿಲ್ಲ. ಹೆಚ್ಚಿನ ಬೋರ್ಡ್‌ಗಳು ಕೆಲವು ಸಲ ಪ್ರಯತ್ನಿಸಿ ತಾವೇ ಹಳೆಯ ಸೆಟ್ಟಿಂಗ್‌ಗೆ ಮರಳುತ್ತವೆ. ಆಗದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಬೋರ್ಡ್ ಮೇಲಿನ ರೂಪಾಯಿ ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ‘ಕ್ಲಿಯರ್ ಸಿಮಾಸ್’ ಪಿನ್ ಇದ್ದರೆ, ಕೇಬಲ್ ಕಿತ್ತಿರುವಾಗಲೇ, ಎರಡನ್ನೂ ಕೆಲವು ಸೆಕೆಂಡ್ ಕೂಡಿಸಿದರೂ ಸಾಕು. ಬಯಾಸ್ ಮೊದಲಿನಂತಾಗುತ್ತದೆ. ಡಿಸ್ಕ್‌ನಲ್ಲಿರುವ ಫೈಲ್ ಇದರಿಂದ ಅಳಿಸಿ ಹೋಗುವುದಿಲ್ಲ.

ಬಯಾಸ್ ಅಪ್‌ಡೇಟ್ ಮಾಡುವುದು ಮಾತ್ರ ಬೇರೆ ಮಾತು. ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು. ಯುಪಿಎಸ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ವೋಲ್ಟೇಜ್ ಮೇಲೆ ಕೈ ಇಡುವ ಮುನ್ನ

ಪ್ರೊಫೈಲ್ ದಾಟಿ ಕೈಯಿಂದ ವೋಲ್ಟೇಜ್ ಏರಿಸುವುದು, ಪ್ರೊಸೆಸರ್ ಅನ್ನೇ ಓವರ್‌ಕ್ಲಾಕ್ ಮಾಡುವುದು ಮುಂದಿನ ಹೆಜ್ಜೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್ ಮತ್ತು ಝಡ್ ಸರಣಿಯ ಬೋರ್ಡ್ ಬೇಕು. ವೋಲ್ಟೇಜ್ ಶೇ 10 ಏರಿಸಿದರೆ ಪ್ರೊಸೆಸರ್ ತಿನ್ನುವ ವಿದ್ಯುತ್ ಸುಮಾರು ಶೇ 21 ಏರುತ್ತದೆ. ಅದೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು.

2023ರಲ್ಲಿ ರೈಜನ್ 7000 ಸರಣಿಯ ಕೆಲವು ಪ್ರೊಸೆಸರ್‌ಗಳು ಸುಟ್ಟು ಸುದ್ದಿಯಾಗಿದ್ದವು. ಎಕ್ಸ್‌ಪೋ ಆನ್ ಮಾಡಿದಾಗ ಕೆಲವು ಬೋರ್ಡ್‌ಗಳು ‘ಎಸ್‌ಒಸಿ’ ವೋಲ್ಟೇಜ್ ಅನ್ನು ಅತಿಯಾಗಿ ಏರಿಸುತ್ತಿದ್ದವು. ಆಮೇಲೆ ಎಎಂಡಿ ಬಯಾಸ್ ಅಪ್‌ಡೇಟ್ ಮೂಲಕ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿತು. ಆ ಸರಣಿಯ ಹಳೆಯ ಬಯಾಸ್ ಇದ್ದವರು ಮೊದಲು ಅಪ್‌ಡೇಟ್ ಮಾಡಿಸಿಕೊಂಡೇ ಮುಂದುವರಿಯಬೇಕು.

ಇನ್ನೊಂದು ನಮ್ಮೂರಿನ ಬಿಸಿಲು. ಕೂಲರ್ ಪ್ರೊಸೆಸರ್ ಅನ್ನು ಕೋಣೆಯ ಬಿಸಿಗಿಂತ ತಂಪಾಗಿಸಲಾರದು. ಕೋಣೆ 25 ಡಿಗ್ರಿ ಇದ್ದಾಗ 70 ತೋರಿಸುವ ಪ್ರೊಸೆಸರ್, ಅದೇ ಕೆಲಸಕ್ಕೆ 40 ಡಿಗ್ರಿಯ ಮೇ ತಿಂಗಳಲ್ಲಿ 85ರ ಹತ್ತಿರ ಹೋಗುತ್ತದೆ. ಬಿಸಿ ಹೆಚ್ಚಿದಂತೆ ರ‍್ಯಾಮ್ ಕೂಡ ತಪ್ಪು ಮಾಡುವ ಸಂಭವ ಹೆಚ್ಚು. ಡಿಸೆಂಬರ್‌ನಲ್ಲಿ ಪಾಸ್ ಆದ ಸೆಟ್ಟಿಂಗ್ ಅನ್ನು ಏಪ್ರಿಲ್‌ನಲ್ಲಿ ಇನ್ನೊಮ್ಮೆ ಟೆಸ್ಟ್ ಮಾಡುವುದು ಕ್ಷೇಮ. ಕ್ಯಾಬಿನೆಟ್ ಒಳಗಿನ ಧೂಳು ಹೊಡೆಸುವುದನ್ನೂ ಮರೆಯಬೇಡಿ.

ವಾರಂಟಿ ವಿಚಾರವೂ ತಿಳಿದಿರಲಿ. ನಿಗದಿತ ಮಿತಿ ಮೀರಿ ಓವರ್‌ಕ್ಲಾಕ್ ಮಾಡಿದ್ದರಿಂದ ಪ್ರೊಸೆಸರ್ ಹಾಳಾದರೆ ಅದು ವಾರಂಟಿಗೆ ಒಳಪಡುವುದಿಲ್ಲ ಎಂದು ಇಂಟೆಲ್ ಮತ್ತು ಎಎಂಡಿ ಎರಡೂ ಹೇಳುತ್ತವೆ.

ಹೊಸ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಇಷ್ಟು ಮಾಡಿದರೂ ಸಾಕು: ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆರೆಸಿ ರ‍್ಯಾಮ್ ಸ್ಪೀಡ್ ನೋಡಿ. ಕಡಿಮೆ ಇದ್ದರೆ ಪ್ರೊಫೈಲ್ ಆನ್ ಮಾಡಿಸಿ. ಮನೆಗೆ ತಂದ ಮೊದಲ ರಾತ್ರಿ, ಫೋಟೊ, ಫೈಲ್ ಯಾವುದನ್ನೂ ಅದರಲ್ಲಿ ಹಾಕುವ ಮುನ್ನ, ಮೆಮ್‌ಟೆಸ್ಟ್ ಹಚ್ಚಿ ಮಲಗಿ.